ಬಿಚ್ಚಬೇಕಾದ ಹೊಲಿಗೆ

ಹೋದ ವಾರ ನನ್ನ ನಾದಿನಿ ಹೊಸ ಕಾರು ತಂದು ನ್ಯಾಮತಿಯ ನಮ್ಮ ಮನೆ ಮುಂದೆ ನಿಲ್ಲಿಸಿದಳು. "ಅತ್ತಿಗೆ, ಕೂತ್ಕೊಳ್ರಿ, ಸವಳಂಗದ ರೋಡಿಗೆ ಒಂದು ರೌಂಡ್ ಹೋಗಿ ಬರಾನ" ಎಂದಳು. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋದೆ. ಬಾಗಿಲು ತೆಗೆದದ್ದೇ ತಡ, ಹೊಸ ರೆಕ್ಸಿನ್ನಿನ ವಾಸನೆ. ಎಲ್ಲರಿಗೂ ಇಷ್ಟವಾಗುವ ವಾಸನೆ ಅದು. ನನ್ನ ಕೈ ಮಾತ್ರ ಕೂರುವ ಮೊದಲೇ ತಾನಾಗಿ ಸೀಟಿನ ಪಕ್ಕಕ್ಕೆ, ಬೆನ್ನಿನ ಭಾಗ ಬಾಗಿಲಿಗೆ ತಾಗುವ ಕಡೆಗೆ ಹೋಯಿತು. ಬೆರಳಿನಿಂದ ಹೊಲಿಗೆ ಹುಡುಕಿದೆ.

"ಏನ್ ಅತ್ತಿಗೆ, ಸೀರೆ ಅಂಗಡಿಗೆ ಬಂದಂಗೆ ಮುಟ್ಟಿ ಮುಟ್ಟಿ ನೋಡ್ತೀರಲ್ಲ, ಚೌಕಾಸಿ ಮಾಡಾಕೆ ಆಗಲ್ಲ, ಈಗಾಗ್ಲೇ ತಗಂಡಾಗೈತೆ" ಎಂದು ಅವಳು ನಕ್ಕಳು. ನಾನು ಬೆಲ್ಟ್ ಎಳೆದು ಸಿಕ್ಕಿಸಿ ಕುಳಿತೆ. ಆದರೆ ಮನಸ್ಸು ಮೂರು ವರ್ಷದ ಹಿಂದಿನ ಆ ಮಳೆಗಾಲಕ್ಕೆ ಹೋಗಿಬಿಟ್ಟಿತ್ತು. ಹೊನ್ನಾಳಿಯಲ್ಲಿ ನಾನು ಕಾರಿನ ಸೀಟಿಗೆ ಕವರ್ ಹೊಲಿಯುತ್ತಿದ್ದ ಮಳೆಗಾಲ ಅದು.

ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ನಾನು ಹೊಲಿದದ್ದು ರವಿಕೆ. ಮನೆಯ ಪಡಸಾಲೆಯಲ್ಲಿ ಒಂದು ಮಿಷನ್ನು, ಗೋಡೆಗೆ ಒಂದು ಕನ್ನಡಿ, ಅಷ್ಟೇ. ಹೊನ್ನಾಳಿಯ ಹಾಲೇಶಣ್ಣನ ಹೆಂಡತಿಗೂ ನಾನೇ ಹೊಲಿಯುತ್ತಿದ್ದೆ. ಹಾಲೇಶಣ್ಣನಿಗೆ ಹೊಳೆ ಕಡೆ ಹೋಗುವ ರಸ್ತೆಯಲ್ಲಿ ಕಾರಿನ ಸಾಮಾನಿನ ಅಂಗಡಿ ಇತ್ತು. ಕವರ್ ಹೊಲಿಯುತ್ತಿದ್ದವನು ಕೆಲಸ ಬಿಟ್ಟು ಹೋದಾಗ ಆತ ನಮ್ಮ ಮನೆಗೇ ಬಂದ. "ರತ್ನಕ್ಕ, ಕಾರಿನ ಸೀಟು ಅಂದ್ರೆ ಏನಂದ್ಕಂಡೀ? ತೋಳಿಲ್ಲದ ರವಿಕೆ. ಕೊರಳ ಕಡೆ ಸ್ವಲ್ಪ ದಪ್ಪ, ಅಷ್ಟೆ. ಬಾ" ಎಂದ.

ಹೋದೆ. ಬೆಳಿಗ್ಗೆ ಎಂಟೂ ನಲವತ್ತರ ಬಸ್ಸು. ಡಬ್ಬಿಯಲ್ಲಿ ಎರಡು ರೊಟ್ಟಿ, ಒಂದು ಪಲ್ಯ, ಚಿಕ್ಕ ಬಾಟಲಿಯಲ್ಲಿ ಮಜ್ಜಿಗೆ. ಅಂಗಡಿಯ ಮಿಷನ್ನು ಕರೆಂಟಿನದ್ದು, ಕಾಲಿಟ್ಟರೆ ಕುದುರೆಯ ಹಾಗೆ ಮುಂದಕ್ಕೆ ಹಾರುತ್ತಿತ್ತು. ಮೊದಲ ವಾರ ಒಂಬತ್ತು ಸೂಜಿ ಮುರಿದೆ. ಆಮೇಲೆ ಕೈ ಕುದುರಿತು. ರೆಕ್ಸಿನ್ನಿಗೆ ಒಮ್ಮೆ ಸೂಜಿ ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ, ತಪ್ಪಿದರೆ ಮುಚ್ಚುವಂತಿಲ್ಲ. ಅದಕ್ಕೆ ನಾನು ಎರಡು ಸಲ ಅಳತೆ ತೆಗೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆಮೇಲೆ ಕತ್ತರಿ ಹಾಕುತ್ತಿದ್ದೆ. ಹೊಲಿಗೆ ಎಲ್ಲ ಕಡೆ ಡಬಲ್, ನೈಲಾನ್ ದಾರ. ನನ್ನ ಹೊಲಿಗೆ ಬಿಚ್ಚಿಕೊಂಡಿತು ಎಂದು ಅಲ್ಲಿಯವರೆಗೆ ಯಾರೂ ಬಂದವರಿಲ್ಲ. ಬಾಣಂತನ ಮುಗಿಸಿ ಮೈ ಬಂದ ಹೆಂಗಸರ ರವಿಕೆಯಲ್ಲೂ ಬಟ್ಟೆ ಹರಿದಿತ್ತೇ ಹೊರತು ನನ್ನ ಹೊಲಿಗೆ ಬಿಟ್ಟಿರಲಿಲ್ಲ. ಈ ಮಾತನ್ನು ನಾನೇ ಹೇಳಿಕೊಳ್ಳುತ್ತಿದ್ದೆ ಕೂಡ.

ರವಿಕೆಗೆ ಇಟ್ಟ ಹಾಗೇ ಇದಕ್ಕೂ ಒಂದು ಅಳತೆ ಪುಸ್ತಕ ಇಟ್ಟಿದ್ದೆ. ಒಂದೊಂದು ಕಾರಿಗೆ ಒಂದೊಂದು ಪುಟ. ಮೇಲೆ ಊರು, ಹೆಸರು, ಬಣ್ಣ.

ಆ ಮುಂಗಾರಿನಲ್ಲಿ ಬಂದ ಕಾರುಗಳಲ್ಲಿ ಮೂರು ಒಂದೇ ಥರದವು, ಹೊಚ್ಚ ಹೊಸವು. ಚನ್ನಗಿರಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಸುಮಾ ಅವರದ್ದು ಬೂದು. ಹೊನ್ನಾಳಿಯಲ್ಲೇ ಕಬ್ಬಿಣದ ಅಂಗಡಿ ಇಟ್ಟಿದ್ದ ಚನ್ನಬಸಪ್ಪನವರದ್ದು ಕಪ್ಪು. ಮೂರನೆಯದು ಜಗಳೂರಿನ ಶಾರದಮ್ಮನದ್ದು, ಕೆಂಪು. ಶಾರದಮ್ಮನ ತವರು ನಮ್ಮ ಹತ್ತಿರದ ಗೋವಿನಕೋವಿ. ಮದುವೆಯ ರವಿಕೆಯಿಂದ ಹಿಡಿದು ಆಕೆಯ ಎಲ್ಲ ರವಿಕೆ ನಾನೇ ಹೊಲಿದದ್ದು. ಗಂಡ ತಿಪ್ಪೇಸ್ವಾಮಿ ಮೇಷ್ಟ್ರು. ದಾವಣಗೆರೆಯಲ್ಲಿ ಬೇಕಾದಷ್ಟು ಅಂಗಡಿ ಇದ್ದರೂ ಆಕೆ ಹಟ ಮಾಡಿ ಹೊನ್ನಾಳಿಗೇ ಕಾರು ತರಿಸಿದ್ದಳು. "ರತ್ನಕ್ಕನ ಹೊಲಿಗೆ ಬಿಚ್ಚಬೇಕಂದ್ರೆ ಯಮನೂ ಬ್ಲೇಡ್ ಹಿಡ್ಕಂಡೇ ಬರಬೇಕು" ಎಂದು ಗಂಡನಿಗೆ ಹೇಳಿದ್ದಳಂತೆ.

ಈ ಮೂರೂ ಕಾರಿನ ಮುಂದಿನ ಸೀಟುಗಳಲ್ಲಿ, ಬಾಗಿಲ ಕಡೆಯ ಅಂಚಿನಲ್ಲಿ, ನಾಲಿಗೆಯಷ್ಟು ಅಗಲದ ಒಂದು ಬಟ್ಟೆ ಚೂರು ಹೊರಗೆ ಚಾಚಿಕೊಂಡಿತ್ತು. ಅದರ ಮೇಲೆ ಇಂಗ್ಲಿಷ್ ಅಕ್ಷರ. ಅಂಗಿಯ ಕಾಲರಿನ ಹಿಂದೆ ಇರುತ್ತದಲ್ಲ, ಹಾಗೆ ಕಂಪನಿಯ ಹೆಸರಿನ ಚೀಟಿ ಎಂದುಕೊಂಡೆ. ಕವರ್ ಹಾಕಿದರೆ ಅದು ಒಳಗೆ ಮಡಚಿ ಗಂಟಿನ ಹಾಗೆ ಉಬ್ಬುತ್ತಿತ್ತು. ನನಗೆ ಅಂಥದ್ದು ಸೇರುವುದಿಲ್ಲ. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ, ಅಲ್ಲಿ ಕವರಿನ ಅಂಚನ್ನು ಒಳಕ್ಕೆ ಮಡಚಿ, ಇನ್ನೊಂದು ಸಾಲು ಹೊಲಿಗೆ ಹೆಚ್ಚಿಗೆ ಹಾಕಿದೆ. ಮೂರು ಕಾರು, ಆರು ಸೀಟು, ಆರು ಚೀಟಿ.

ಆಷಾಢ ಮುಗಿಯುವ ಹೊತ್ತಿಗೆ ಚನ್ನಗಿರಿಯ ಸುಮಾ ತಿರುಗಿ ಬಂದರು. ಮಳೆ ಜಡಿ ಹಿಡಿದಿತ್ತು. ಹೊಳೆ ತುಂಬಿದೆ ಎಂದು ಜನ ಕೊಡೆ ಹಿಡಿದು ಸೇತುವೆಯ ಕಡೆ ನೋಡಲು ಹೋಗುತ್ತಿದ್ದರು. ಸುಮಾ ಕಾರಿನ ಬಾಗಿಲು ತೆಗೆದು ನನ್ನನ್ನು ಕರೆದರು.

"ಅಕ್ಕಾ, ಇಲ್ಲೊಂದು ಲೇಬಲ್ ಇತ್ತಲ್ಲ, ಏನು ಮಾಡಿದ್ರಿ?"

"ಕತ್ತರಿಸಿದೆ. ಉಬ್ಬುತ್ತಿತ್ತು."

ಅವರು ಅಂಚಿನ ಹೊಲಿಗೆಯ ಮೇಲೆ ಬೆರಳಿಟ್ಟರು. "ಸರ್ವೀಸಿಗೆ ಬಿಟ್ಟಿದ್ದೆ. ಅಲ್ಲಿಯವರು ನೋಡಿ ಬೈದ್ರು. ಇದರೊಳಗೆ ಏರ್‌ಬ್ಯಾಗ್ ಐತಂತೆ. ಅದನ್ನೇ ಆ ಲೇಬಲ್ಲಿನಾಗೆ ಬರೆದಿತ್ತಂತೆ."

ಏರ್‌ಬ್ಯಾಗ್ ಎಂದರೆ ಸ್ಟೇರಿಂಗಿನಲ್ಲಿ ಇರುವಂಥದ್ದು ಎಂದು ಮಾತ್ರ ನನಗೆ ಗೊತ್ತಿತ್ತು. ಸೀಟಿನೊಳಗೆ ಹೇಗೆ? ಸುಮಾ ಸೀಟಿನ ಅಂಚಿನಿಂದ ತಮ್ಮ ಪಕ್ಕೆಯವರೆಗೆ ಕೈ ಹಾಯಿಸಿ ತೋರಿಸಿದರು. ಪಕ್ಕದಿಂದ ಯಾವುದಾದರೂ ಗಾಡಿ ಬಂದು ಬಡಿದರೆ, ಕಣ್ಣು ಮಿಟುಕಿಸುವುದರೊಳಗೆ ಇಲ್ಲಿಂದ ಚೀಲ ಉಬ್ಬಿ ಹೊರಗೆ ಬರುತ್ತದೆ, ಬಾಗಿಲಿಗೂ ಪಕ್ಕೆಲುಬಿಗೂ ನಡುವೆ ದಿಂಬಿನ ಹಾಗೆ ನಿಲ್ಲುತ್ತದೆ. "ಬೆಲ್ಟು ಮನುಷ್ಯನ್ನ ಸೀಟಿಗೆ ಹಿಡ್ಕಂತೈತೆ. ಇದು ಪಕ್ಕೆನ ಕಾಯ್ತೈತೆ. ಅದು ಹೊರಗೆ ಬರಬೇಕಂದ್ರೆ ಈ ಹೊಲಿಗೆ ತಾನೇ ಬಿಚ್ಕಬೇಕು ಅಕ್ಕ. ನೀವು ನೋಡಿದ್ರೆ ಗೋಣಿಚೀಲದ ಬಾಯಿ ಹೊಲಿದಂಗೆ ಹೊಲಿದೀರಿ."

ಒಳಗಿನಿಂದ ಹಾಲೇಶಣ್ಣ ಕೇಳಿಸಿಕೊಂಡು ಬಂದ. "ಮೇಡಂ, ಸರ್ವೀಸ್‌ನವ್ರು ಹಂಗೇ ಅಂತಾರೆ. ಅವರತ್ರ ಕವರ್ ತಗಳ್ಳಲಿಲ್ಲ ಅಂತ ಹೊಟ್ಟೆ ಉರಿ. ಸ್ಟೇರಿಂಗ್ ಒಡ್ಕಂಡು ಬರೋ ಬ್ಯಾಗು, ರೆಕ್ಸಿನ್ ಹರಿಯಾಕೆ ಆಗಲ್ವೇ?"

"ಇರಬಹುದು. ನನ್ನ ಪಕ್ಕೆ ಇಟ್ಟು ಪರೀಕ್ಷೆ ಮಾಡಾಕೆ ನಾನೊಲ್ಲೆ" ಎಂದರು ಸುಮಾ. ಮುಂದಿನ ಎರಡೂ ಸೀಟಿನ ಕವರ್ ಬಿಚ್ಚಿಸಿಕೊಂಡು, ಮಡಚಿ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಹೋದರು. ನನ್ನದೇ ಹೊಲಿಗೆಯನ್ನು ನಾನೇ ಬ್ಲೇಡಿನಲ್ಲಿ ಕೊಯ್ದದ್ದು ಅದೇ ಮೊದಲು. ಒಂದು ಗಂಟೆಯ ಮೇಲೆ ಹಿಡಿಯಿತು.

ಅಂದಿನಿಂದ ನನ್ನ ತಲೆ ಕೆಟ್ಟಿತು. ಗಟ್ಟಿಯಾಗಿರುವುದೇ ಹೊಲಿಗೆಯ ಧರ್ಮ ಎಂದು ಕಲಿತವಳು ನಾನು. ಬಿಚ್ಚಿಕೊಳ್ಳುವುದೇ ಒಳ್ಳೆಯ ಹೊಲಿಗೆ ಎಂದರೆ ಹೇಗೆ ನಂಬುವುದು? ಆದರೆ ಬಿಚ್ಚಿಕೊಳ್ಳಬೇಕು ಎನ್ನುವವರು ನರ್ಸು, ಏಟು ಬಿದ್ದವರನ್ನು ನೋಡಿದವರು. ಬಸ್ಸಿನ ಡ್ರೈವರನ್ನು ಕೇಳಿದೆ. "ಅವು ಹೊಸ ಗಾಡಿಯವು ಅಮ್ಮ, ನಂಗೊತ್ತಿಲ್ಲ, ನನ್ನ ಸೀಟಿಗೆ ಫೋಮೇ ಇಲ್ಲ" ಎಂದ. ನಮ್ಮನೆಯವರನ್ನು ಕೇಳಿದೆ. "ಬೆಲ್ಟ್ ಹಾಕಿದ್ರೆ ಸಾಕು, ಬ್ಯಾಗು ಗೀಗು ಎಲ್ಲ ಶ್ರೀಮಂತರಿಗೆ" ಎಂದರು. ಅಂಗಡಿಗೆ ಬಂದ ಟ್ಯಾಕ್ಸಿಯವನೊಬ್ಬ, ಬೆಲ್ಟ್ ಹಾಕದಿದ್ದರೆ ಬ್ಯಾಗೇ ಮುಖಕ್ಕೆ ಗುದ್ದಿ ಮೂಗು ಮುರಿಯುತ್ತದೆ, ಎರಡೂ ಗಂಡ ಹೆಂಡತಿ ಇದ್ದ ಹಾಗೆ, ಒಂದನ್ನು ಬಿಟ್ಟು ಒಂದು ಕೆಲಸ ಮಾಡುವುದಿಲ್ಲ ಎಂದ. ಅಷ್ಟು ಹೇಳಿದವನೇ, ಬೆಲ್ಟ್ ಹಾಕದಿದ್ದರೂ ಕೀಂ ಕೀಂ ಎನ್ನದ ಹಾಗೆ ಸಿಕ್ಕಿಸುವ ಕೊಂಡಿ ಒಂದನ್ನು ಹಾಲೇಶಣ್ಣನ ಹತ್ತಿರ ತೆಗೆದುಕೊಂಡು ಹೋದ. ಪೊಟ್ಟಣ ಕಟ್ಟಿಕೊಟ್ಟವಳು ನಾನೇ. ಯಾರ ಮಾತನ್ನು ಹಿಡಿಯುವುದು, ಯಾರದ್ದನ್ನು ಬಿಡುವುದು?

ಉಳಿದದ್ದು ಎರಡು ಕಾರು. ಚನ್ನಬಸಪ್ಪನವರ ಕಬ್ಬಿಣದ ಅಂಗಡಿ ನಮ್ಮ ಅಂಗಡಿಗೆ ನಾಲ್ಕು ಹೆಜ್ಜೆ. ಹೋಗಿ, ಸೀಟಿನ ಕವರ್ ಸ್ವಲ್ಪ ಸರಿ ಮಾಡಬೇಕಿತ್ತು ಎಂದೆ.

"ಏನಾಗೈತೆ ಅದಕ್ಕೆ?"

"ಏನಾಗಿಲ್ಲ ಅಣ್ಣಾರೆ. ಸ್ವಲ್ಪ ಬಿಗಿಯಾಗೈತೆ."

"ಬಿಗಿಯಾಗಿರಲಿ ಬಿಡವ್ವ. ಸಡಿಲಾಗಿದ್ರೆ ಬಾ" ಎಂದು ತಕ್ಕಡಿಯ ಕಡೆ ತಿರುಗಿದರು. ನಾನು ವಾಪಸ್ ಬಂದೆ.

ಜಗಳೂರಿಗೆ ಫೋನ್ ಮಾಡೋಣ ಎಂದರೆ ಹಾಲೇಶಣ್ಣ ಅಡ್ಡ ಬಂದ. ಅವನು ಕೆಟ್ಟವನಲ್ಲ. "ರತ್ನಕ್ಕ, ಹೊಸ ಗಾಡಿ. ಪೂಜೆ ಮಾಡ್ಸಿ ಇನ್ನೂ ನಿಂಬೆಹಣ್ಣು ಒಣಗಿಲ್ಲ. ನೀನು ಫೋನ್ ಮಾಡಿ ಆಕ್ಸಿಡೆಂಟು, ಏಟು ಅಂತ ಬಾಯಿ ಬಿಟ್ಟರೆ ಚಂದಾಗಿರ್ತದಾ? ಹಬ್ಬಕ್ಕೆ ಹೆಂಗೂ ತವರಿಗೆ ಬರ್ತಾರೆ, ಆಗ ಸುಮ್ನೆ ಬಿಚ್ಚಿಬಿಡು" ಎಂದ. ಈ ಮಾತು ನನಗೂ ಸರಿ ಎನಿಸಿತು. ನಮ್ಮ ಕಡೆ ಹೊಸ ಮನೆಯಲ್ಲಿ ನಿಂತು ಬಿರುಕಿನ ಮಾತು ಆಡುವುದಿಲ್ಲ, ತುಂಬಿದ ಬಸುರಿಯ ಮುಂದೆ ಹೆರಿಗೆ ಕೆಟ್ಟ ಕಥೆ ಹೇಳುವುದಿಲ್ಲ. ಹೊಸ ಗಾಡಿಯೂ ಹಾಗೇ. ಹೊರಡುವವರಿಗೆ ಎಲ್ಲಿಗೆ ಎಂದು ಕೇಳಿದರೂ ಅಪಶಕುನ ಎನ್ನುವ ಜನ ನಾವು.

ಆದರೂ ಮನಸ್ಸು ತಡೆಯಲಿಲ್ಲ, ಫೋನ್ ಮಾಡಿದೆ. ಅಂದು ಶ್ರಾವಣ ಸೋಮವಾರ. ಶಾರದಮ್ಮ ಉಪವಾಸವಿದ್ದಳು, ಪೂಜೆಗೆ ಹೂ ಕಟ್ಟುತ್ತಾ ಕೂತಿದ್ದೇನೆ ಎಂದಳು. ನನ್ನ ಬಾಯಿಗೆ ಬಂದದ್ದು ಇಷ್ಟೇ: "ಕಾರಿನ ಕವರಿನಾಗೆ ಒಂದು ಸಣ್ಣ ಕೆಲಸ ಉಳಿದೈತೆ ಶಾರದಮ್ಮ. ಒಂದ್ಸಲ ತಂದು ಹೋಗ್ರಿ."

"ನಿಮ್ಮ ಹೊಲಿಗೆನಾಗೆ ಎಂಥ ಕೆಲಸ ಉಳಿತೈತ್ರಿ? ಮೇಷ್ಟ್ರು ದಿನಾ ಸೀಟು ಸವರಿ ಸವರಿ ನೋಡ್ತಾರೆ, ನನ್ನನ್ನ ಒಂದಿನ ಹಂಗೆ ನೋಡ್ಲಿಲ್ಲ" ಎಂದು ನಕ್ಕಳು. "ಗೌರಿ ಹಬ್ಬಕ್ಕೆ ಬರ್ತೀವಲ್ಲ, ಆಗ ಮಾಡಿ ಕೊಡ್ರಿ. ಅರ್ಜೆಂಟಿಲ್ವಲ್ಲ?"

"ಅರ್ಜೆಂಟಿಲ್ಲ" ಎಂದೆ.

ಈ ಒಂದು ಮಾತನ್ನು ನಾನು ಯಾಕೆ ಆಡಿದೆ ಎಂದು ಇವತ್ತಿಗೂ ನನಗೆ ತಿಳಿಯುವುದಿಲ್ಲ. ಅರ್ಜೆಂಟ್ ಎಂದು ಗೊತ್ತಿದ್ದು ಆಡಿದೆನೋ, ಗೊತ್ತಿಲ್ಲದೆ ಆಡಿದೆನೋ. ಫೋನ್ ಇಟ್ಟ ಮೇಲೆ ಹೇಳಿ ಮುಗಿಸಿದೆ ಎನ್ನುವ ಸಮಾಧಾನವೂ ಇತ್ತು, ಹೇಳಲೇ ಇಲ್ಲ ಎನ್ನುವ ಕಸಿವಿಸಿಯೂ ಇತ್ತು. ಎರಡನ್ನೂ ಇಟ್ಟುಕೊಂಡೇ ಒಂದು ವಾರ ಕವರ್ ಹೊಲಿದೆ.

ಮುಂದಿನ ವಾರ ಗೋವಿನಕೋವಿಯಿಂದ ಶಾರದಮ್ಮನ ತಮ್ಮ ಅಂಗಡಿಗೆ ಬಂದು ಹೇಳಿ ಹೋದ. ಜಗಳೂರಿನ ಹೊರಗೆ, ಹೊಲದ ದಾರಿಯಿಂದ ಮೆಕ್ಕೆಜೋಳದ ಟ್ರ್ಯಾಕ್ಟರ್ ಒಂದು ನೋಡದೆ ರಸ್ತೆಗೆ ನುಗ್ಗಿ ಕಾರಿನ ಎಡಬಾಗಿಲಿಗೆ ಬಡಿದಿತ್ತು. ಮೇಷ್ಟ್ರಿಗೆ ತರಚು ಗಾಯ. ಎಡಕ್ಕೆ ಕೂತಿದ್ದ ಅಕ್ಕನಿಗೆ ಮೂರು ಪಕ್ಕೆಲುಬು ಮುರಿದಿದೆ, ಭುಜ ಜಾರಿದೆ. ದಾವಣಗೆರೆಯಲ್ಲಿ ಆರು ದಿನ ಇದ್ದು ಮನೆಗೆ ಬಂದಿದ್ದಾಳೆ.

ಎಡಬಾಗಿಲು, ಪಕ್ಕೆಲುಬು ಎಂದದ್ದು ಮಾತ್ರ ನನಗೆ ಕೇಳಿಸಿತು.

ಮರುದಿನ ಅಂಗಡಿಗೆ ಹೋಗಲಿಲ್ಲ. ಹಣ್ಣು, ಒಂದು ಡಬ್ಬಿ ರವೆ ಉಂಡೆ, ಚೀಲದ ತಳದಲ್ಲಿ ಬ್ಲೇಡು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ನಮ್ಮ ಕಡೆ ಹತ್ತು ದಿನದಿಂದ ಸೀರೆ ಒಣಗಿರಲಿಲ್ಲ. ಅಲ್ಲಿ ಮೋಡ ಇತ್ತು, ಮಳೆ ಇರಲಿಲ್ಲ, ಬೀಸುವ ಗಾಳಿಗೆ ಕಣ್ಣಿಗೆ ಮಣ್ಣು ಬೀಳುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ನಡೆಯುತ್ತಾ ಹೇಗೆ ಶುರು ಮಾಡುವುದೆಂದು ಮಾತು ಜೋಡಿಸಿದೆ, ಕೆಡಿಸಿದೆ.

ಶಾರದಮ್ಮ ಮಂಚದ ಮೇಲೆ ದಿಂಬು ಒರಗಿ ಕೂತಿದ್ದಳು, ಕೈ ಕೊರಳಿಗೆ ಕಟ್ಟಿತ್ತು. ಉಸಿರೆಳೆದರೆ ಮುಖ ಕಿವುಚುತ್ತಿತ್ತು. "ನಗಿಸಬ್ಯಾಡ್ರಿ ರತ್ನಕ್ಕ, ನಕ್ಕರೆ ಪಕ್ಕೆ ಹಿಡಿತೈತೆ" ಎಂದಳು. ನಗಿಸುವ ಮಾತು ನನ್ನಲ್ಲಿ ಇರಲೂ ಇಲ್ಲ.

"ಬೆಲ್ಟ್ ಹಾಕಿದ್ಯಾ?" ಎಂದು ಕೇಳಿದೆ.

"ಹಾಕಿದ್ದೆ. ಅದಕ್ಕೇ ತಲೆ ಹೋಗಿ ಗಾಜಿಗೆ ಬಡೀಲಿಲ್ಲ, ಇಲ್ದಿದ್ರೆ ಇವತ್ತು ನೀವು ಮಾತಾಡ್ಸಾಕೆ ಬಂದಿರ್ತಿರಲಿಲ್ಲ, ಮಣ್ಣಿಗೆ ಬಂದಿರ್ತಿದ್ರಿ ಅಂದ್ರು ಡಾಕ್ಟ್ರು."

ಮೇಷ್ಟ್ರು ಕಾಫಿ ತಂದುಕೊಟ್ಟು, ಕಾರು ತೋರಿಸುತ್ತೇನೆ ಬನ್ನಿ ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ಇನ್ಶೂರೆನ್ಸಿನವರು ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು, ಗ್ಯಾರೇಜಿನವರು ಎಳೆದೊಯ್ಯಬೇಕಿತ್ತು. ಎಡಬಾಗಿಲು ಮುಷ್ಟಿಯಲ್ಲಿ ಹಿಸುಕಿದ ಡಬ್ಬಿಯ ಹಾಗೆ ಒಳಕ್ಕೆ ಹೋಗಿತ್ತು. ಮೇಷ್ಟ್ರು ಬಲಗಡೆಯಿಂದ ಬಾಗಿಲು ತೆಗೆದು ತೋರಿಸಿದರು.

"ನಾಲ್ಕು ಬ್ಯಾಗ್ ಐತೆ ಅಂದು ಮಾರಿದ್ರು. ಒಂದೂ ಹೊರಗೆ ಬರಲಿಲ್ಲ ನೋಡ್ರಿ. ಮುಂದಿನವು ಪಕ್ಕದ ಏಟಿಗೆ ಬರಲ್ಲಂತೆ, ಅದು ಸರಿ. ಪಕ್ಕದ್ದೂ ಬರಲಿಲ್ಲ. ಎಲ್ಲಾ ಮೋಸ." ಆಮೇಲೆ ಸೀಟಿನ ಕವರನ್ನು ಅಂಗೈಯಲ್ಲಿ ತಟ್ಟಿದರು. "ಗಾಡಿ ಹಿಂಗೆ ನುಗ್ಗಾಗೈತೆ. ನಿಮ್ಮ ಹೊಲಿಗೆ ಮಾತ್ರ ಒಂದೆಳೆ ಬಿಟ್ಟಿಲ್ಲ ರತ್ನಮ್ಮ. ಗ್ಯಾರೇಜಿನವ್ನಿಗೂ ಇದನ್ನೇ ತೋರಿಸ್ದೆ. ಕೆಲಸ ಅಂದ್ರೆ ಇದು ಕಣಯ್ಯ ಅಂದೆ."

ನಾನು ಬಲಗಡೆಯಿಂದ ಒಳಗೆ ತೂರಿ, ಎಡ ಸೀಟಿನ ಆಚೆ ಅಂಚಿಗೆ ಕೈ ಹಾಕಿದೆ. ರೆಕ್ಸಿನ್ನಿನ ಒಳಗೆ, ನನ್ನ ಮೂರು ಸಾಲು ಹೊಲಿಗೆಯ ಹಿಂದೆ, ಏನೋ ಮೆತ್ತಗೆ ಗಂಟುಕಟ್ಟಿಕೊಂಡಿತ್ತು. ಹೊಲಿಯುವಾಗ ಅದು ಇರಲಿಲ್ಲ. ನನ್ನ ಕೈಗೆ ಗೊತ್ತು.

"ಮೇಷ್ಟ್ರೆ, ಇದನ್ನ ಬಿಚ್ಚಲಾ?"

"ಯಾಕ್ರಿ? ಚೆನ್ನಾಗೇ ಐತಲ್ಲ."

ಬ್ಲೇಡು ತೆಗೆದು ಬಿಚ್ಚಿದೆ. ಅಷ್ಟು ಗಟ್ಟಿ ಹೊಲಿಗೆ, ಒಂದೊಂದೇ ಎಳೆ ಕೊಯ್ಯಬೇಕಾಯಿತು. ಅರ್ಧ ಬಿಚ್ಚುವಷ್ಟರಲ್ಲಿ ಬೆಳ್ಳಗಿನ ಬಟ್ಟೆ ಬೆರಳಿಗೆ ಸಿಕ್ಕಿತು. ಎಳೆದೆ. ಮುದುಡಿದ ಚೀಲ, ಸೀರೆಯ ಸೆರಗಿನಷ್ಟು ಉದ್ದ, ಕೈಗೆಲ್ಲ ಹಿಟ್ಟಿನಂಥ ಪುಡಿ, ಸುಟ್ಟ ವಾಸನೆ. ಅದು ಹೊರಗೆ ಬರಲು ಹೊರಟಿತ್ತು. ದಾರಿ ಸಿಗದೆ ಹಿಂದಕ್ಕೆ ತಿರುಗಿ, ಸೀಟಿನ ಫೋಮಿಗೂ ಕವರಿಗೂ ನಡುವೆ ಸಿಕ್ಕಿಕೊಂಡು ಅಲ್ಲೇ ಕುಸಿದಿತ್ತು.

ಮೇಷ್ಟ್ರು ಅದನ್ನೂ ನನ್ನನ್ನೂ ನೋಡಿದರು. ನಾನೇ ಹೇಳಬೇಕಾಯಿತು. ಚೀಲವನ್ನು ಬುಡದಲ್ಲಿ ಕೊಯ್ದು ಹಿಡಿದುಕೊಂಡು ಒಳಗೆ ಹೋಗಿ, ಮಂಚದ ಹತ್ತಿರ ನಿಂತು ಇಬ್ಬರಿಗೂ ಹೇಳಿದೆ. ಚೀಟಿ ಕತ್ತರಿಸಿದ್ದು, ಚನ್ನಗಿರಿಯ ನರ್ಸು ಬಂದದ್ದು, ಫೋನಿನಲ್ಲಿ ಸಣ್ಣ ಕೆಲಸ ಎಂದದ್ದು. ಶಾರದಮ್ಮ ಆ ಚೀಲವನ್ನು ಏಟಾಗದ ಕೈಯಲ್ಲಿ ತೆಗೆದುಕೊಂಡು ಸೆರಗಿನ ಹಾಗೆ ಮಡಿಲ ಮೇಲೆ ಹರವಿಕೊಂಡಳು.

"ಅದಕ್ಕೇ ಬೆನ್ನಿಗೆ ಹಿಂದಿಂದ ಯಾರೋ ಗುದ್ದಿದಂಗಾತು. ಇವರಿಗೆ ಹೇಳಿದ್ರೆ ನಂಬಲಿಲ್ಲ" ಎಂದಳು. ಚೀಲದ ಅಂಚು ಬೆರಳಲ್ಲಿ ಹಿಡಿದು ಕೇಳಿದಳು, "ಇದು ಬಂದಿದ್ರೆ ಪಕ್ಕೆ ಮುರೀತಿರಲಿಲ್ವಾ?"

"ಗೊತ್ತಿಲ್ಲ ಶಾರದಮ್ಮ. ಮುರೀತಿತ್ತೋ ಏನೋ. ಗೊತ್ತಿಲ್ಲ."

ಮೇಷ್ಟ್ರು ಗೋಡೆ ನೋಡುತ್ತಾ, "ಅಷ್ಟು ಹೊಗಳಿದೆ ನಾನು" ಎಂದರು, ತಮಗೇ ಹೇಳಿಕೊಂಡ ಹಾಗೆ. ಸಿಟ್ಟು ಬಂದಿತ್ತೋ, ನಾಚಿಕೆಯೋ, ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

"ಫೋನಿನಾಗೆ ಯಾಕೆ ಹೇಳಲಿಲ್ಲ?" ಎಂದಳು ಶಾರದಮ್ಮ.

"ಸೋಮವಾರ. ನೀನು ಉಪವಾಸ ಇದ್ದಿ, ಹೂ ಕಟ್ತಿದ್ದಿ. ಹೊಸ ಗಾಡಿ. ಆ ಮಾತು ಬಾಯಿಗೆ ಬರಲಿಲ್ಲ."

"ನಿಮ್ಮ ಜಾಗದಾಗೆ ನಾನಿದ್ರೂ ಹೇಳ್ತಿರಲಿಲ್ಲ ಬಿಡ್ರಿ" ಎಂದಳು. ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ಆಕೆ ನಿಧಾನವಾಗಿ, ನೋವಾಗದ ಹಾಗೆ ಉಸಿರೆಳೆದುಕೊಂಡು ಮಾತು ಮುಗಿಸಿದಳು. "ಆದ್ರೂ ಹೇಳಬೇಕಾಗಿತ್ತು ರತ್ನಕ್ಕ."

ಬೈದಿದ್ದರೆ ಅಳುತ್ತಿದ್ದೆ. ಅಪ್ಪಿಕೊಂಡಿದ್ದರೂ ಅಳುತ್ತಿದ್ದೆ. ಆಕೆ ಎರಡೂ ಮಾಡಲಿಲ್ಲ. ಊಟ ಮಾಡಿ ಹೋಗಿ ಎಂದಳು. ಮಾಡಿದೆ. ಆ ಅನ್ನದ ರುಚಿ ಏನಿತ್ತು ಎಂದು ಕೇಳಿದರೆ ಹೇಳಲಾರೆ.

ವಾಪಸ್ ಬರುವಾಗ ಹರಿಹರ ದಾಟಿದ ಮೇಲೆ ಮಳೆ ಶುರುವಾಯಿತು. ನ್ಯಾಮತಿಯ ತನಕ ಟಿಕೆಟ್ ತೆಗೆಸಿದ್ದವಳು ಹೊನ್ನಾಳಿಯಲ್ಲೇ ಇಳಿದೆ. ಕೊಡೆ ಇರಲಿಲ್ಲ. ಸೆರಗು ತಲೆಗೆ ಹಾಕಿಕೊಂಡು ಸೀದಾ ಕಬ್ಬಿಣದ ಅಂಗಡಿಗೆ ನಡೆದೆ. ಮುಸ್ಸಂಜೆ, ಚನ್ನಬಸಪ್ಪನವರು ಗಲ್ಲಾದ ಮೇಲಿನ ಫೋಟೋಗೆ ದೀಪ ಹಚ್ಚಿ, ಊದುಬತ್ತಿ ಹಿಡಿದು ಮೂರು ಸುತ್ತು ಸುತ್ತಿಸುತ್ತಿದ್ದರು. ಮುಗಿಯುವವರೆಗೆ ಕಾಯೋಣವೇ ಎಂದು ಒಂದು ಗಳಿಗೆ ನಿಂತೆ. ಕಾದರೆ ಮತ್ತೆ ಬಾಯಿ ಕಟ್ಟುತ್ತದೆ ಎಂದು ಭಯವಾಯಿತು.

"ಅಣ್ಣಾರೆ, ನಿಮ್ಮ ಕಾರಿಗೆ ಆಕ್ಸಿಡೆಂಟ್ ಆದ್ರೆ ಸೀಟಿನ ಒಳಗಿನ ಬ್ಯಾಗು ಹೊರಗೆ ಬರಲ್ಲ. ನಾನು ಹೊಲಿದು ಮುಚ್ಚಿಬಿಟ್ಟೀನಿ. ಜಗಳೂರಿನಾಗೆ ಹಿಂಗೇ ಆಗಿ ಒಬ್ಬರ ಪಕ್ಕೆ ಮುರಿದೈತೆ. ನೋಡ್ಕಂಡು ಈಗ ಬಂದೆ."

ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಊದುಬತ್ತಿ ಹಿಡಿದ ಕೈ ಅಲ್ಲೇ ನಿಂತಿತು.

"ದೀಪ ಹಚ್ಚೋ ಹೊತ್ತಿನಾಗೆ ಬಂದು ಎಂಥ ಮಾತಾಡ್ತೀಯವ್ವ? ಮನೆಯಾಗೆ ಮೊಮ್ಮಕ್ಕಳು ಅಡ್ಡಾಡೋ ಗಾಡಿ ಅದು. ಬುದ್ಧಿ ಐತಾ ನಿಂಗೆ?"

ಇದೆಯೋ ಇಲ್ಲವೋ ನನಗೂ ಆಗ ಗೊತ್ತಿರಲಿಲ್ಲ. ಮಳೆ ನೀರು ಸೀರೆಯಿಂದ ಅವರ ಅಂಗಡಿಯ ನೆಲಕ್ಕೆ ಇಳಿಯುತ್ತಿತ್ತು. ಅವರು ಬೈದದ್ದನ್ನು ಪೂರ್ತಿ ಕೇಳಿಸಿಕೊಂಡೆ. ಅಪಶಕುನದವಳು ಎಂದರು, ಇನ್ನೂ ಏನೇನೋ ಅಂದರು. ಸಾಕಾಗಿ ಅವರು ಸುಮ್ಮನಾದ ಮೇಲೆ ಕೈ ಚಾಚಿದೆ.

"ಕೀಲಿ ಕೊಡ್ರಿ. ಬಿಚ್ಚಿ ಹೋಗ್ತೀನಿ."